ನನ್ನ ಹೆಜ್ಜೆಗೊಂದು ಮಾತು

ಇದನ್ನು ಬರೆಯುವಾಗಲೂ ನನ್ನ ಸಂತೋಷ ಇಳಿದಿಲ್ಲ. ನಾನು ಓದಿದ್ದು ಮೂರನೆಯ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮೊಮ್ಮಗಳು ಹಾವೇರಿಯಲ್ಲಿ ನರ್ಸಿಂಗ್ ಮುಗಿಸಿ, ಜಪಾನಿನಲ್ಲಿ ಮುದುಕರ ಆರೈಕೆ ಮಾಡುವ ಕೆಲಸಕ್ಕೆಂದು ರಾಣೆಬೆನ್ನೂರಿಗೆ ಹೋಗಿ ಆ ಭಾಷೆ ಕಲಿಯುತ್ತಿದ್ದಳು. ಸಂದರ್ಶನದಲ್ಲಿ ಬಾಯಿ ಕಟ್ಟಿ ಫೇಲಾದಳು. ಎಲ್ಲ ಬಿಟ್ಟೆನೆಂದು ಪುಸ್ತಕ ಅಟ್ಟಕ್ಕೆಸೆದು ಕೋಣೆ ಸೇರಿದಳು. ಬ್ಯಾಡಗಿಯ ನಮ್ಮ ಮನೆಯಲ್ಲಿ ಹದಿನೈದು ದಿನ ಅವಳ ದನಿಯೇ ಇಲ್ಲ. ಹುಡುಗಿ ಹೀಗೇ ಉಳಿದುಬಿಟ್ಟರೆ ಎಂದು ನನಗೆ ಅಂಜಿಕೆ.

ಒಂದು ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ನೀರಡಿಸಿ ಎದ್ದೆ. "ತತ್ತೆ..." ಎಂದು ಬೆನ್ನ ಹಿಂದೆ ಪಿಸುದನಿ. ಕೊಡದಿಂದ ನೀರು ಮೊಗೆದೆ. "ಮಿಜು ಒ ಕುಂದೆ..." ನಿಂತೆ. ಅದೂ ನಿಂತಿತು. ಚೆಂಬು ಎತ್ತಿದರೆ ಮತ್ತೆ ಶುರು. ಯಾವ ಮಾತೂ ಮುಗಿಯುತ್ತಿರಲಿಲ್ಲ; ನಾನು ಮುಂದೇನು ಮಾಡುತ್ತೇನೆಂದು ಕಾಯುವಂತೆ ಕೊನೆಯನ್ನು ಎಳೆದು ಬಿಡುತ್ತಿತ್ತು. ಕೋಣೆಯ ಬಾಗಿಲು ಬೆರಳಷ್ಟು ತೆರೆದಿತ್ತು. ಸಂದಿಯಲ್ಲಿ ಒಂದು ಕಣ್ಣು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು. ಕಣ್ಣು ಅವಳದು, ದನಿ ಅವಳದೆನಿಸಲಿಲ್ಲ.

ರಾಶಿಯಿಂದ ಏಳು ಕಾಯಿ ಹಿಡಿದು, ಬಾಗಿಲ ಮುಂದೆ ನಿವಾಳಿಸಿ ಕೆಂಡಕ್ಕೆ ಹಾಕಿದೆ. ಘಾಟು ಬರಲಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿದೆ ಎನ್ನುತ್ತಿದ್ದಳು ನಮ್ಮವ್ವ. ಇನ್ನೊಂದು ಹಿಡಿ ಸುರಿದೆ. ಒಂದು ಸೀನೂ ಇಲ್ಲ. ಒಳಗೆ ದನಿ ಮಾತ್ರ ಒಂದೊಂದೇ ಮಾತು ಪೋಣಿಸುತ್ತಲೇ ಇತ್ತು.

ಬಾಗಿಲು ತೆರೆಯಿತು.

"ಆಯಿ, ಬ್ಯಾಡಗಿ ಕಾಯಿ ಸುಟ್ಟರ ಘಾಟು ಎಲ್ಲಿಂದ ಬರತೈತಿ? ಗುಂಟೂರು ಕಾಯಿ ತರಬೇಕಿತ್ತ ನೀ."

ಹದಿನೈದು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು.

ಬರುವ ಶನಿವಾರ ಫೋನಿನಲ್ಲಿ ಮತ್ತೊಂದು ಸಂದರ್ಶನವಿತ್ತಂತೆ. ನಾವು ಎದ್ದು, ನೀರು ಮೊಗೆದು, ಕುಡಿದು ಎನ್ನುವ ಹಾಗೆ ಜಪಾನಿನವರೂ 'ತತ್ತೆ', 'ಕುಂದೆ' ಎಂದು ಕೆಲಸಕ್ಕೆ ಕೆಲಸ ಜೋಡಿಸುತ್ತಾರಂತೆ. ಅವಳು ತೊಡರಿದ್ದು ಅಲ್ಲೇ. ಮತ್ತೆ ಫೇಲಾದರೆ ಎಂಬ ನಾಚಿಕೆಗೆ ಯಾರಿಗೂ ಹೇಳದೆ, ನನ್ನನ್ನು ನೋಡಿ ನೋಡಿ ರೂಢಿ ಮಾಡುತ್ತಿದ್ದಳು.

"ನೀ ಕುಂತರ ನನ್ನ ಅಭ್ಯಾಸ ನಿಲ್ಲತೈತಿ. ಏಳ ಮ್ಯಾಲ," ಎಂದಳು.

ಶನಿವಾರದವರೆಗೆ ನಾನು ಕುಳಿತರೆ ಕೇಳಿ. ಗುಡಿಸಿದ್ದನ್ನೇ ಗುಡಿಸಿದೆ, ತೊಳೆದದ್ದನ್ನೇ ತೊಳೆದೆ.

ಫೋನಿನ ಹೆಂಗಸು ಮನೆಯ ಹಿರಿಯರ ದಿನಚರಿ ಕೇಳಿದಳಂತೆ. ಇವಳು ಎಲ್ಲಿಯೂ ತಡೆಯದೆ ಹೇಳಿದಳು. ಕೊನೆಗೆ ಮೊಮ್ಮಗಳು ತಲೆಬಾಗಿ ಏನೋ ಅಂದು, ಫೋನು ಇಟ್ಟು, ನನ್ನ ಕಡೆ ತಿರುಗಿದಳು.

"ಆಯಿ, ಕೆಲಸಕ್ಕ ತಗೊಂಡ್ರು."

ಅವಳ ಗಲ್ಲ ಹಿಡಿದು ಅದನ್ನೇ ಮೂರು ಸಲ ಹೇಳಿಸಿದೆ.