ಒಂದು ಗೇಣಿನಾಚೆ

ಅತ್ತೆಯ ಬಲಗಣ್ಣಿನ ಸುತ್ತ ದುಂಡನೆಯ ಗುರುತೊಂದು ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ಗುರುತು ಅದು. ಬೆಳಿಗ್ಗೆ ಮಾಸಿದಂತೆ ಕಾಣುತ್ತಿದ್ದದ್ದು ಸಂಜೆಯ ಹೊತ್ತಿಗೆ ಕೆಂಪಗಾಗಿರುತ್ತಿತ್ತು. ಅದನ್ನು ನೋಡಿಯೇ ಅಮ್ಮ, ಇವತ್ತು ಗಿರಾಕಿಗಳಿರಲಿಲ್ಲ, ಲೆನ್ಸ್ ಹಿಡಿದು ಕೂತಿದ್ದರು ಎಂದು ಹೇಳಿಬಿಡುತ್ತಿದ್ದಳು.

ಅವರು ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ಶಿಕಾರಿಪುರದಲ್ಲಿ ನಮ್ಮ ಮನೆಗೂ ಅವರ ಫೋಟೋ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ಅವರ ತವರು ಸೊರಬದ ಕಡೆ. ನಮ್ಮ ಮನೆಯಲ್ಲಿ ಯಾರೂ ‘ಮಾರಾಯ್ತಿ’ ಎನ್ನುವವರಲ್ಲ. ಆ ಮಾತು ಗೋಡೆಯಾಚೆಯಿಂದ ಕೇಳಿಸಿದರೆ ಅತ್ತೆ ಬಾಗಿಲು ತೆಗೆದಿದ್ದಾರೆ ಎಂದು ತಿಳಿಯಬೇಕು.

ಸ್ಟುಡಿಯೋ ಮೊದಲು ಅವರ ಯಜಮಾನರದ್ದು. ಮೊಗ್ಗಿನ ಜಡೆಯ ಫೋಟೋಗೆ ಅವರ ಹೆಸರು ಸುತ್ತಲ ಊರುಗಳಲ್ಲೆಲ್ಲ ಇತ್ತು. ಆಳೆತ್ತರದ ಕನ್ನಡಿಗೆ ಬೆನ್ನು ಮಾಡಿ ಕೂರಿಸಿದರೆ, ಮುಂದೆ ಮುಖ, ಹಿಂದೆ ಕನ್ನಡಿಯಲ್ಲಿ ಜಡೆ. ಕನ್ನಡಿಯನ್ನು ಮಾತ್ರ ತುಸು ಓರೆಯಾಗಿ ನಿಲ್ಲಿಸಬೇಕು, ಇಲ್ಲದಿದ್ದರೆ ಫೋಟೋ ತೆಗೆಯುವವರೇ ಅದರೊಳಗೆ ಬಂದುಬಿಡುತ್ತಾರೆ. ಅಮ್ಮನ ಸೀಮಂತದ ಫೋಟೋ ಅವರೇ ತೆಗೆದದ್ದು. ನಾನು ಅವರನ್ನು ನೋಡಿದ ನೆನಪಿಲ್ಲ. ತೊಗರ್ಸಿಯ ಮದುವೆಯೊಂದನ್ನು ಮುಗಿಸಿ ಬರುವಾಗ ಸ್ಕೂಟರ್ ಉರುಳಿ ಹೋಗಿಬಿಟ್ಟರು. ಕ್ಯಾಮೆರಾ ನಜ್ಜುಗುಜ್ಜಾಯಿತು. ಕೆಲಸ ಮುಗಿದ ಕೂಡಲೇ ಲೆನ್ಸ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಅವರಿಗೆ. ಹಾಗಾಗಿ ಲೆನ್ಸ್ ಉಳಿಯಿತು.

ಉಳಿದ ಲೆನ್ಸ್ ಯಾವುದಕ್ಕೂ ಹೊಂದುತ್ತಿರಲಿಲ್ಲ. ಅವರದ್ದು ಪಕ್ಕದ ಕಿಂಡಿಯಿಂದ ನೋಡುವ ಜಾತಿಯ ಕ್ಯಾಮೆರಾ. ಕಿಂಡಿಯಲ್ಲಿ ಮುಖ ಎರಡೆರಡಾಗಿ ಕಾಣುತ್ತದೆ, ಎರಡೂ ಒಂದರ ಮೇಲೊಂದು ಕೂತಾಗ ಫೋಕಸ್ ಆಯಿತೆಂದು ಲೆಕ್ಕ. ಅದರಲ್ಲಿ ಲೆನ್ಸ್ ಫಿಲ್ಮಿಗೆ ತೀರ ಹತ್ತಿರ ಕೂರುತ್ತದೆ. ಅತ್ತೆಯ ಹತ್ತಿರ ಇದ್ದದ್ದು ರಿಫ್ಲೆಕ್ಸ್ ಕ್ಯಾಮೆರಾ. ಅದರ ಹೊಟ್ಟೆಯಲ್ಲಿ ಒಂದು ಕನ್ನಡಿ. ಆ ಕನ್ನಡಿ ಏಳಲು ಇಳಿಯಲು ಜಾಗ ಬೇಕಾದ್ದರಿಂದ ಲೆನ್ಸ್ ದೂರ ನಿಲ್ಲಬೇಕು. ದೂರ ನಿಂತ ಲೆನ್ಸಿಗೆ ಹತ್ತಿರದ್ದಷ್ಟೇ ಕಾಣುತ್ತದೆ.

ಪಂಪ್‌ಸೆಟ್ಟಿನ ಬುಶ್ ಕಡೆಯುವ ಲೇತ್ ಅಂಗಡಿಯಲ್ಲಿ ಅತ್ತೆ ಒಂದು ಉಂಗುರ ಮಾಡಿಸಿ, ತಾವೇ ಅರದಿಂದ ಉಜ್ಜಿ, ಆ ಲೆನ್ಸನ್ನು ರಿಫ್ಲೆಕ್ಸಿಗೆ ಕೂರಿಸಿದರು. ಒಂದು ಗೇಣಿನೊಳಗಿನ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಂಡಿತು. ಗೇಣಿನಾಚೆ ಎಲ್ಲ ಮಂಜು. ಆದರೂ ಅತ್ತೆ ಅದಕ್ಕೆ ಕೆಲಸ ಹುಡುಕಿದರು. ಸತ್ತವರ ಅಂಚೆಚೀಟಿಯಷ್ಟು ಫೋಟೋ ಹಿಡಿದು ಬರುವವರಿಗೆ ಅದನ್ನು ದೊಡ್ಡದು ಮಾಡಿಕೊಡುವುದು. ಈಸೂರಿನಿಂದ ಬಂದ ಒಬ್ಬ ಅಜ್ಜಿ, ಗುಂಪಿನ ಫೋಟೋದಲ್ಲಿ ಜೋಳದ ಕಾಳಿನಷ್ಟಿದ್ದ ಗಂಡನ ಮುಖ ದೊಡ್ಡದಾಗಿ ಬಂದದ್ದನ್ನು ನೋಡಿ, ಇವರು ಇಷ್ಟು ಕಪ್ಪಗಿದ್ದರಾ ಎಂದು ಕೇಳಿದ್ದಳಂತೆ. ಅತ್ತೆ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಹೊರಗೆ ನಗುತ್ತಿದ್ದರೂ ಅವರಿಗೆ ಬೇಕಾಗಿದ್ದದ್ದು ಬೇರೆ. ನಾನು ಎಂ.ಎ. ಓದುತ್ತಿದ್ದಾಗ ರಜೆಗೆ ಬಂದವಳನ್ನು ಒಮ್ಮೆ ಒಳಗೆ ಕರೆದು ಕೂರಿಸಿಕೊಂಡು ಹೇಳಿದರು.

“ಅವರ ಗಾಜಲ್ಲಿ ಒಂದು ಸಲ ಎದುರಿಗೆ ಕೂತ ಮನುಷ್ಯರನ್ನ ತೆಗೀಬೇಕು ಮಾರಾಯ್ತಿ. ಬರೀ ಫೋಟೋದ ಫೋಟೋ ತೆಗೆದು ತೆಗೆದು ಸಾಕಾಗಿದೆ. ಅದಕ್ಕೂ ಸಾಕಾಗಿರಬೇಕು.”

ಅಷ್ಟರಲ್ಲಿ ಅವರು ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬರಲು ಶುರುಮಾಡಿ ಬಹಳ ದಿನವಾಗಿತ್ತು. ಏನೆಂದು ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾಕೆ ಈಗಲೇ ಎಂದು ನಾನು ಕೇಳಲಿಲ್ಲ. ಫಿಲ್ಮ್ ಮತ್ತು ಅದನ್ನು ತೊಳೆಯುವ ಔಷಧಿ ಆನ್‌ಲೈನಿನಲ್ಲಿ ತರಿಸಿಕೊಟ್ಟೆ.

ದೂರ ಕಾಣಬೇಕಾದರೆ ಲೆನ್ಸ್ ಕ್ಯಾಮೆರಾದೊಳಗೆ ಇಳಿಯಬೇಕು. ಇಳಿದರೆ ಕನ್ನಡಿ ಬಂದು ಬಡಿಯುತ್ತದೆ. ಮೊದಲ ಸಲ ಬಡಿದೂಬಿಟ್ಟಿತು. ಅತ್ತೆ ಲೆನ್ಸನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಚಿನಲ್ಲೊಂದು ಗೀರು, ಅಷ್ಟೆ. ಆಮೇಲೆ, ಕನ್ನಡಿಯನ್ನು ಮೇಲಕ್ಕೆತ್ತಿ ಅಲ್ಲೇ ನಿಲ್ಲಿಸುವ ಪುಟ್ಟ ಕೀಲಿಯೊಂದು ಆ ಕ್ಯಾಮೆರಾದಲ್ಲಿದ್ದದ್ದು ಅವರಿಗೆ ಹೊಳೆಯಿತು. ಕನ್ನಡಿ ಎತ್ತಿದರೆ ಲೆನ್ಸಿಗೆ ದೂರ ಕಾಣುತ್ತದೆ, ತೆಗೆಯುವವರಿಗೆ ಏನೂ ಕಾಣುವುದಿಲ್ಲ. ಕಣ್ಣಿಟ್ಟರೆ ಬರೀ ಕತ್ತಲು.

“ಪರವಾಗಿಲ್ಲ, ಅದು ನೋಡಲಿ” ಎಂದರು ಅತ್ತೆ.

ಹೊಸ ಉಂಗುರಕ್ಕೆ ಲೇತ್ ಅಂಗಡಿಗೆ ನಾನೂ ಹೋಗಿದ್ದೆ. ಲೇತಿನವರು ಅಳತೆ ಕೇಳಿ ತಲೆ ಕೆರೆದುಕೊಂಡರು. “ಅಮ್ಮೋರೆ, ನಾವು ನೀರೆತ್ತೋ ಮಷಿನ್ನಿನ ಮಂದಿ ಅದೀವ್ರಿ. ಕೂದಲೆಳಿ ಆಕಡೆ ಈಕಡೆ ಆದ್ರೂ ನೀರು ಬರ್ತೈತಿ. ನಿಮ್ದು ಹಂಗಲ್ಲಲ್ರಿ.” ಹಾಗೆಂದರೂ ಚಹಾ ತರಿಸಿ, ನಮ್ಮನ್ನು ಕೂರಿಸಿ, ಮಧ್ಯಾಹ್ನವಿಡೀ ಕಡೆದರು.

ಯಾರ ಫೋಟೋ ಎಂದು ನಾನು ಕೇಳಿರಲಿಲ್ಲ. ಮರುದಿನ ಅತ್ತೆ ಮಲ್ಲಿಗೆ ದಂಡೆ ತಂದು ಮುಡಿಸಿ, “ನೀನು ಹೊಟ್ಟೇಲಿದ್ದಾಗ ಇದೇ ಗಾಜು ನಿಮ್ಮಮ್ಮನ್ನ ನೋಡಿದೆ. ಬಾ ಕೂತ್ಕೋ” ಎಂದರು. ನನ್ನ ಜಡೆ ಭುಜ ದಾಟುವುದಿಲ್ಲ, ಆಳೆತ್ತರದ ಕನ್ನಡಿ ಯಾಕತ್ತೆ ಎಂದೆ. ಅವರು ಇಟ್ಟಿದ್ದ ಹಾಗೇ ಇಡಬೇಕು ಎಂದು ಕನ್ನಡಿ ಎಳೆದು ತಂದರು. ಹಾಗೆ ಎಳೆಯುವುದಕ್ಕೇ ಏದುಸಿರು ಬಂದು, ಸ್ಟೂಲಿನ ಮೇಲೆ ಸ್ವಲ್ಪ ಕೂತರು. ಆಮೇಲೆ ಕ್ಯಾಮೆರಾಗೆ ಒಂದು ನೂಲು ಕಟ್ಟಿ, ಅದರ ತುದಿಯನ್ನು ನನ್ನ ಮೂಗಿಗೆ ಮುಟ್ಟಿಸಿ ದೂರ ಅಳೆದರು. ಅವರ ಬೆರಳು ತಣ್ಣಗಿತ್ತು. ಮೊದಲೆಲ್ಲ ಯಾವಾಗ ಫೋಟೋ ತೆಗೆದರೂ ಅವರ ಮುಖ ಕ್ಯಾಮೆರಾದ ಹಿಂದೆ ಇರುತ್ತಿತ್ತು. ಈ ಸಲ ಅಲ್ಲಿ ಕಣ್ಣಿಟ್ಟು ಪ್ರಯೋಜನವಿಲ್ಲದ್ದರಿಂದ ಪಕ್ಕದಲ್ಲಿ ನಿಂತು, ನೇರ ನನ್ನನ್ನೇ ನೋಡುತ್ತ ಒತ್ತಿದರು.

ಸಂಜೆ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ನನ್ನ ಕೈಗೆ ಕೊಟ್ಟರು. ನಾನು ಮಸುಕಾಗಿದ್ದೆ, ಅದೂ ಒಂದು ಪಕ್ಕಕ್ಕೆ ಸರಿದು. ಉಂಗುರ ಕೂದಲೆಳೆ ಹೆಚ್ಚೇ ಸವೆದಿತ್ತು, ಫೋಕಸ್ ನನ್ನನ್ನು ದಾಟಿ ಹೋಗಿತ್ತು. ಬೆನ್ನ ಹಿಂದಿನ ಕನ್ನಡಿಯೂ ಓರೆಯಾಗಿರಲಿಲ್ಲ.

“ಹಾಳಾಯ್ತು. ಬಿಸಾಕು” ಎಂದರು.

ಇನ್ನೊಮ್ಮೆ ತೆಗೆಯೋಣ ಅತ್ತೆ ಎಂದೆ. ಹೂಂ ಎಂದರು. ರಜೆ ಮುಗಿದು ನಾನು ಹೋದೆ. ಮುಂದಿನ ರಜೆಯಲ್ಲಿ ಬರುವಾಗ ಅವರು ಹಾಸಿಗೆ ಹಿಡಿದಿದ್ದರು. ಯುಗಾದಿ ಮುಗಿದ ಮರುವಾರ ತೀರಿಕೊಂಡರು.

ಶಿವಗಣಾರಾಧನೆಗೆ ಇಡಲು ಅವರ ತಂಗಿ ಸೊರಬದಿಂದ ಬಂದು ಫೋಟೋ ಹುಡುಕಿದರು. ಯಜಮಾನರು ತೆಗೆದ, ಮದುವೆಯಾದ ಹೊಸತರ ಚಿತ್ರಗಳಿದ್ದವು. ಆಮೇಲಿನದು ಒಂದೂ ಇಲ್ಲ. ಯಜಮಾನರು ಹೋದ ಮೇಲೆ ಅತ್ತೆ ಯಾರ ಕ್ಯಾಮೆರಾದ ಮುಂದೆಯೂ ನಿಂತಿರಲಿಲ್ಲ. ನಾನು ಮನೆಗೆ ಹೋಗಿ, ಬಿಸಾಡದೆ ಇಟ್ಟುಕೊಂಡಿದ್ದ ನೆಗೆಟಿವ್ ತಂದೆ.

ಅದರಲ್ಲಿ ನನ್ನ ಹಿಂದಿನ ಕನ್ನಡಿಯೊಳಗೆ ಅತ್ತೆ ಇದ್ದರು. ಸೀರೆಯ ನೆರಿಗೆ, ಕೈಯಲ್ಲಿ ಹಿಡಿದ ನೂಲು, ಬಲಗಣ್ಣಿನ ಸುತ್ತಲ ಗುರುತು, ಎಲ್ಲ ಸ್ಪಷ್ಟ. ಎದುರಿಗೆ ಕೂತವರನ್ನು ಅವರು ಹೇಗೆ ನೋಡುತ್ತಿದ್ದರೋ ಹಾಗೆ ನೋಡುತ್ತಿದ್ದರು.

ಫ್ರೇಮ್ ಹಾಕುವವರು ಅವರಷ್ಟೇ ಬರುವಂತೆ ಕತ್ತರಿಸಿ ದೊಡ್ಡದು ಮಾಡಿ, ಎಡದಂಚಿನ ಬೂದು ಬಣ್ಣದ ಕಲೆಯೊಂದನ್ನು ಬೆರಳಿಟ್ಟು ತೋರಿಸಿದರು. “ಇಲ್ಲೇನೋ ಮಂಜು ಬಂದೈತ್ರಿ. ತೆಗೆದುಬಿಡ್ಲೇನ್ರಿ?”

ಅದು ನನ್ನ ಭುಜ, ಮತ್ತು ಅತ್ತೆ ಮುಡಿಸಿದ ಮಲ್ಲಿಗೆ.

“ಇರ್ಲಿ ಬಿಡ್ರಿ” ಎಂದೆ.