ಡಾಕ್ಟರ ಮುಂದೆ ಹತ್ತು ಹೆಜ್ಜೆ

ಮೊದಲು ಹೋದದ್ದು ಎಡಗಾಲಿನ ಚಪ್ಪಲಿ.

ಜನವರಿಯ ಒಂದು ಬೆಳಿಗ್ಗೆ ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ ಮೋಟೆಬೆನ್ನೂರಿನ ಬಸ್ಸಿಗೆ ಓಡುತ್ತಿದ್ದೆ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಒಂಬತ್ತು ವರ್ಷದಿಂದ ದಿನಾ ಅದೇ ಬಸ್ಸು, ದಿನಾ ಅದೇ ಓಟ. ಹತ್ತಿ ಕುಳಿತ ಮೇಲೆ ಪಕ್ಕದ ಹೆಂಗಸು ನನ್ನ ಪಾದ ನೋಡಿ, "ಅಕ್ಕೋರ, ಒಂದ ಚಪ್ಪಲಿ ಎಲ್ಲಿ ಬಿಟ್ಟ ಬಂದೀರಿ?" ಎಂದಳು. ನೋಡಿದರೆ ಬರಿಗಾಲು. ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಇಬ್ಬರೂ ನಕ್ಕೆವು.

ಮರುದಿನ ಮೆಟ್ಟಿಲ ಮೇಲೆ ಮುಗ್ಗರಿಸಿದೆ. ಮೂರನೆಯ ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ. ನಾಲ್ಕನೆಯ ದಿನ ಜಡೆ ಹೆಣೆಯಲು ಹೋದರೆ ಬೆರಳು ಮಾತು ಕೇಳಲಿಲ್ಲ. ಅವತ್ತೇ ಹುಬ್ಬಳ್ಳಿಗೆ ಹೊತ್ತುಕೊಂಡು ಹೋದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ ಡಾಕ್ಟರು ಗೀಯನ್ ಬಾರೆ ಸಿಂಡ್ರೋಮ್ ಎಂದರು. ದೇಹ ತನ್ನ ನರಗಳನ್ನು ತಾನೇ ತಿನ್ನುವ ಕಾಯಿಲೆಯಂತೆ. ಕಾಲಿನಿಂದ ಮೇಲಕ್ಕೆ ಏರುತ್ತದಂತೆ. ಉಸಿರಿನವರೆಗೆ ಏರದಿದ್ದರೆ ಭಯವಿಲ್ಲವಂತೆ.

ಏರಲಿಲ್ಲ.

ಮೂರು ವಾರದ ಮೇಲೆ ಮನೆಗೆ ಕಳಿಸಿದರು. ಕೈಗಳು ಹತೋಟಿಗೆ ಬಂದಿದ್ದವು. ಸೊಂಟದ ಕೆಳಗೆ ಒದ್ದೆ ಗೋಣಿಚೀಲ ಕಟ್ಟಿಕೊಂಡಂತೆ ಇತ್ತು. ಹೊರಡುವಾಗ ಡಾಕ್ಟರು ಹೇಳಿದ್ದು ಇಷ್ಟು: "ನರ ತಾವಾಗೇ ಬೆಳೀತಾವ. ಆದರ ಕಾಲಿಗೆ ಕೆಲಸ ಕೊಡಬೇಕು. ಮೊದಲನೇ ಆರು ತಿಂಗಳು ಭಾಳ ಮುಖ್ಯ. ಫಿಜಿಯೊಥೆರಪಿ ಬಿಡಬ್ಯಾಡ್ರಿ."

ಆರು ತಿಂಗಳು. ಅವತ್ತಿನಿಂದ ಕ್ಯಾಲೆಂಡರ್ ನೋಡಿ ಇನ್ನೆಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದೆ. ಕಾಲು ಮಲಗಿತ್ತು, ಮನಸ್ಸು ಮಾತ್ರ ಒಂದು ಗಳಿಗೆ ಕೂರಲಿಲ್ಲ. ಗೋಡೆ ನೋಡುತ್ತ ಬಿದ್ದುಕೊಂಡೇ ಹತ್ತು ಸಲ ಶಾಲೆಗೆ ಹೋಗಿ ಬರುತ್ತಿದ್ದೆ. ಅವ್ವ ಏನಾದರೂ ತಂದುಕೊಟ್ಟರೆ ಸಿಡುಕುತ್ತಿದ್ದೆ, ತರದಿದ್ದರೂ ಸಿಡುಕುತ್ತಿದ್ದೆ.

ಕಾಲಿಗೆ ಕೆಲಸ ಕೊಡಿಸುವ ಜಾಗ ರಾಣೆಬೆನ್ನೂರಿನಲ್ಲಿತ್ತು. ಒಂದು ಎಲುಬಿನ ಆಸ್ಪತ್ರೆಯ ಹಿಂದಿನ ಕೋಣೆ. ಎರಡು ಕಬ್ಬಿಣದ ಸರಳುಗಳ ನಡುವೆ ನಿಲ್ಲಿಸಿ ನಡೆಸುತ್ತಿದ್ದರು. ವಾರಕ್ಕೆ ಮೂರು ಸಲ ಬರಬೇಕೆಂದರು. ನನ್ನನ್ನು ಕರೆದುಕೊಂಡು ಹೋಗುವವಳು ತಂಗಿ ನೀಲಾ. ಅಪ್ಪ ಇದ್ದಾಗ ಒಬ್ಬರನ್ನು ಓದಿಸುವಷ್ಟು ಶಕ್ತಿ ಇತ್ತು. ನಾನು ಟೀಚರ್ ಆದೆ, ನೀಲಾ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಆಕೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ದಿನಗೂಲಿ.

ಮನೆಯಿಂದ ಸ್ಟೇಷನ್ನಿಗೆ ಟಾಂಗಾ. ಅಲ್ಲಿಂದ ರಾಣೆಬೆನ್ನೂರಿಗೆ ಪ್ಯಾಸೆಂಜರ್ ಗಾಡಿ. ಪ್ಲಾಟ್‌ಫಾರ್ಮ್ ಕೆಳಗೆ, ಬೋಗಿಯ ಮೆಟ್ಟಿಲು ಎದೆಮಟ್ಟ. ನೀಲಾ ಮೇಲೆ ಹತ್ತಿ ನನ್ನ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದಳು, ಕೆಳಗಿನಿಂದ ಯಾರಾದರೂ ಪುಣ್ಯಾತ್ಮರು ಕಾಲು ಎತ್ತಿಕೊಡುತ್ತಿದ್ದರು. ಅಲ್ಲಿ ಇಳಿದ ಮೇಲೆ ಮತ್ತೆ ಟಾಂಗಾ. ಬರುವಾಗ ಇದೇ ಎಲ್ಲ ತಿರುಗಾಮುರುಗಾ. ಇಬ್ಬರ ಟಿಕೆಟ್, ನಾಲ್ಕು ಟಾಂಗಾ, ಅದರ ಮೇಲೆ ನೀಲಾಳ ಒಂದು ದಿನದ ಕೂಲಿ. ನನ್ನದು ಅರ್ಧ ಸಂಬಳದ ರಜೆ. ಎರಡನೆಯ ವಾರದಲ್ಲೇ ಮೂರು ಸಲ ಹೋಗುವುದು ಎರಡಾಯಿತು. ನಾಲ್ಕನೆಯ ವಾರಕ್ಕೆ ಒಂದಾಯಿತು. ಔಷಧಿ ಕೊಳ್ಳಲಾಗದೆ ಕಾಯಿಲೆ ಉಳಿಯಿತು ಎಂದರೆ ಜನರಿಗೆ ಅರ್ಥವಾಗುತ್ತದೆ. ಹೋಗಿ ಬರುವುದಕ್ಕೆ ಆಗದೆ ಕಾಲು ಹಾಗೇ ಬಿದ್ದುಕೊಂಡಿತು ಎಂದರೆ ಯಾರಿಗೆ ಹೇಳುವುದು?

ರಾಣೆಬೆನ್ನೂರಿನ ಫಿಜಿಯೊಥೆರಪಿಯವರೇ ದಾರಿ ತೋರಿಸಿದರು. ರೈಲಿನಲ್ಲಿ ಅಂಗವಿಕಲರಿಗೂ ಅವರ ಜೊತೆ ಬರುವವರಿಗೂ ಟಿಕೆಟ್ಟಿನಲ್ಲಿ ದೊಡ್ಡ ರಿಯಾಯಿತಿ ಇದೆ. ಫಾರಂ ತಂದು ಸರ್ಕಾರಿ ಡಾಕ್ಟರ ಸಹಿ ಮಾಡಿಸಬೇಕು. ಡಾಕ್ಟರು ಹಾವೇರಿಯಲ್ಲಿ ನೋಡುತ್ತಾರೆ. ಸಹಿಯಾದರೆ ಮತ್ತೆ ವಾರಕ್ಕೆ ಎರಡು ಸಲವಾದರೂ ಹೋಗಬಹುದು.

ಇಲ್ಲಿಂದ ಮುಂದೆ ಆದ ತಪ್ಪು ಪೂರ್ತಿ ನಮ್ಮ ಮನೆಯದು.

ಸಾಹೇಬರ ಮುಂದೆ ಹೋಗುವುದೆಂದರೆ ನಮ್ಮಲ್ಲಿ ಒಂದು ರೀತಿ ಇದೆ. ಚೆನ್ನಾಗಿ ಕಾಣಬೇಕು. ಹೇಳಿದ್ದಕ್ಕೆಲ್ಲ ಹೂಂ ಎನ್ನಬೇಕು. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ನಾನೇ ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ, ಉತ್ತರ ಬರುವ ಮಕ್ಕಳನ್ನೇ ಮುಂದೆ ಕೂರಿಸುತ್ತಿದ್ದೆ. ಅದರ ಮೇಲೆ ಅವ್ವನಿಗೆ ಒಂದು ಭಯ ಹೊಕ್ಕಿತ್ತು.

"ಕಾಲ ಬರೂದಿಲ್ಲ ಅಂತ ಸರಕಾರಿ ಡಾಕ್ಟರ ಬರದ್ರ ನೌಕರಿ ಉಳಿತೈತೇನ? ಅವ್ರೂ ಸರಕಾರ, ನಿಮ್ಮ ಸಾಲೀನೂ ಸರಕಾರ. ಚೊಲೋ ನಡದ ತೋರಿಸಬೇಕವಾ ನೀ."

ನನಗೂ ಅದೇ ಭಯ. ಖರೇ ಹೇಳಬೇಕೆಂದರೆ ಭಯಕ್ಕಿಂತ ಹೆಚ್ಚಾಗಿ ಹಟ. ಒಂಬತ್ತು ವರ್ಷ ಯಾರ ಕೈಯನ್ನೂ ಹಿಡಿಯದೆ ಓಡಾಡಿದವಳು ನಾನು.

ಒಂದು ವಾರ ಅಭ್ಯಾಸ ಮಾಡಿದೆ. ಅಡುಗೆಮನೆ ಬಾಗಿಲಿನಿಂದ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನವರೆಗೆ. ಅವ್ವ ಹೆಜ್ಜೆ ಎಣಿಸುತ್ತಿದ್ದಳು. ಹಾವೇರಿಗೆ ಹೋಗುವ ದಿನ ಬೆಳಿಗ್ಗೆ ಕಾಲಿಗೆ ಬಿಸಿ ಎಣ್ಣೆ ತಿಕ್ಕಿ, ಇಳಕಲ್ ಸೀರೆ ಉಡಿಸಿ, ಹೆಣ್ಣು ನೋಡಲು ಬಂದವರ ಮುಂದೆ ಕಳಿಸುವಂತೆ ಕಳಿಸಿದಳು. ಡಾಕ್ಟರ ಬಾಗಿಲಿನಲ್ಲಿ ನೀಲಾಳ ಕೈ ಬಿಡಿಸಿಕೊಂಡೆ. "ನೀ ಹೊರಗ ನಿಂದ್ರ" ಎಂದೆ. ಹಲ್ಲು ಕಚ್ಚಿ, ಬಾಗಿಲಿನಿಂದ ಮೇಜಿನವರೆಗೆ ಹತ್ತು ಹೆಜ್ಜೆ ನಡೆದೆ.

ಡಾಕ್ಟರು ಒಳ್ಳೆಯವರು. ಮುಖ ಅರಳಿತು. "ಭೇಷ್! ಗೀಯನ್ ಬಾರೆ ಆದವ್ರು ಇಷ್ಟ ಲಗೂ ನಡಿಯೂದ ನಾ ನೋಡಿಲ್ಲ" ಎಂದರು. ಫಾರಂ ತುಂಬಿದರು. ಒಂದು ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಸಹಿ ಹಾಕಿ ಸೀಲು ಒತ್ತಿದರು. ನಾನು ಕೈ ಮುಗಿದು ಹೊರಗೆ ಬಂದವಳು ಬೆಂಚಿನ ಮೇಲೆ ಬಿದ್ದೆ. ಅರ್ಧ ಗಂಟೆ ತೊಡೆ ನಡುಗುವುದು ನಿಲ್ಲಲಿಲ್ಲ. ಅದನ್ನು ಡಾಕ್ಟರು ನೋಡಲಿಲ್ಲ.

ಬ್ಯಾಡಗಿ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕ್ಲರ್ಕು ಫಾರಂ ತಿರುಗಿಸಿ ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟರು. ಇಂಗ್ಲಿಷಿನಲ್ಲಿತ್ತು. ಜೊತೆಗಾರರ ಸಹಾಯವಿಲ್ಲದೆ ಪ್ರಯಾಣ ಮಾಡಲಾರರು ಎಂಬ ಸಾಲು.

"ಇದನ್ನ ಹೊಡದ ಹಾಕ್ಯಾರಲ್ರಿ. ಒಬ್ರ ಹೋಗಾಕ ಬರತೈತಿ ಅಂದ್ರ ರಿಯಾಯಿತಿ ಇಲ್ರಿ. ನಿಮಗೂ ಇಲ್ಲ, ಜೋಡಿ ಬಂದವ್ರಿಗೂ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಆ ತುತ್ತನ್ನು ತಟ್ಟಿದ್ದು ನನ್ನದೇ ಕಾಲು. ನೀಲಾ ಪೂರ್ತಿ ಟಿಕೆಟ್ ತೆಗೆಸಿದಳು. ಬೈದಿದ್ದರೆ ನನಗೆ ಜಗಳವಾದರೂ ಸಿಗುತ್ತಿತ್ತು.

ಮರುವಾರ ನಾನು ಇನ್ನೂ ದೊಡ್ಡ ಹುಚ್ಚುತನ ಮಾಡಿದೆ. ಒಬ್ಬಳೇ ಹೋಗಬಲ್ಲೆ ಎಂದು ಸರ್ಕಾರವೇ ಬರೆದುಕೊಟ್ಟ ಮೇಲೆ ಹೋಗಿಯೇ ಬಿಡುತ್ತೇನೆ ಎಂದುಕೊಂಡೆ. ಬಸ್ ಸ್ಟ್ಯಾಂಡ್ ಮನೆಗೆ ಹತ್ತಿರ. ನೀಲಾ ಕೆಲಸಕ್ಕೆ ಹೋಗಿದ್ದಳು. ಅವ್ವನಿಗೆ, ಜೊತೆಯ ಟೀಚರ್ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾರೆಂದು ಸುಳ್ಳು ಹೇಳಿದೆ. ಕೋಲು ಊರಿಕೊಂಡು ಹೋಗಿ ಹರಿಹರದ ಬಸ್ಸು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಹಿಂದಿನವರು ತಳ್ಳಿದರು, ಒಳಗೆ ಬಿದ್ದೆ.

ರಾಣೆಬೆನ್ನೂರು ಬಂತು. ಸೀಟಿನ ಸರಳು ಹಿಡಿದು ಅರ್ಧ ಎದ್ದೆ. ಅಷ್ಟರಲ್ಲಿ ಕೆಳಗಿದ್ದವರೆಲ್ಲ ಒಳಗೆ ನುಗ್ಗಿದರು. ಚೀಲ, ಬುಟ್ಟಿ, ಮೊಣಕೈ. ಮತ್ತೆ ಕುಸಿದು ಕುಳಿತೆ. "ಇಳಿಯೂದೈತ್ರಿ, ಇಳಿಯೂದೈತಿ" ಎಂದು ಕೂಗಿದೆ. "ಇಷ್ಟೊತ್ತ ಏನ ಮಾಡಾಕತ್ತಿದ್ರಿ?" ಎಂದು ಯಾರೋ ಬೈದರು. ಕಂಡಕ್ಟರ್ ಸೀಟಿ ಊದಿದ.

ಬಸ್ಸು ಹೊರಟಿತು.

ಕುಮಾರಪಟ್ಟಣದಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವವರು ಒಟ್ಟಿಗೆ ಇಳಿದರು. ದಾರಿ ಖಾಲಿಯಾಯಿತು. ಕಂಡಕ್ಟರೇ ಕೈ ಹಿಡಿದು ಇಳಿಸಿ, ರಸ್ತೆ ಬದಿಯ ಚಹದಂಗಡಿಯ ಬೆಂಚಿನ ಮೇಲೆ ಕೂರಿಸಿ ಹೋದ. ತಿರುಗಿ ಹೋಗುವ ಬಸ್ಸು ಬಂದರೂ ಹತ್ತಿಸುವವರಿಲ್ಲ. ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ಮೂತ್ರಕ್ಕೆ ಅವಸರವಾಗಿತ್ತು. ಕುಕ್ಕರುಗಾಲಿನಲ್ಲಿ ಕೂತರೆ ಏಳಲಾರೆ ಎಂದು ಗೊತ್ತಿತ್ತು. ತೊಡೆ ಬಿಗಿ ಹಿಡಿಯಲೂ ಬಲವಿರಲಿಲ್ಲ. ಮೂವತ್ತನಾಲ್ಕು ವರ್ಷದವಳು, ಮೂವತ್ತೈದು ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಿರಿಸುವವಳು, ರಸ್ತೆ ಬದಿಯಲ್ಲಿ ಕೂತು ಅಳತೊಡಗಿದೆ.

ಅಂಗಡಿಯಾಕೆ ಖೈರುನ್‌ಬಿ, ಐವತ್ತು ದಾಟಿದವರು. ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಮುಖವನ್ನೇ ನೋಡಿದರು.

"ಒಳಗ ಬರ್ರಿ. ಹಿಂದ ತಟ್ಟಿ ಕಟ್ಟೇನಿ, ಯಾರೂ ನೋಡೂದಿಲ್ಲ."

"ನನಗ ಕೂತರ ಏಳಾಕ ಬರೂದಿಲ್ರಿ."

"ಕುಂದ್ರಬ್ಯಾಡ್ರಿ. ನನ್ನ ಮ್ಯಾಲ ಭಾರ ಹಾಕ್ರಿ. ನಾ ಹಿಡೀತೇನಿ."

ಹಿಂದಿನಿಂದ ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದು, ಮುಖ ಆಚೆ ತಿರುಗಿಸಿಕೊಂಡು ನಿಂತರು. ಆಮೇಲೆ ನೀರು ಕೊಟ್ಟರು, ಸೀರೆ ಸರಿಮಾಡಿದರು, ಚಹ ಕುಡಿಸಿದರು. "ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದರು.

"ತಂಗಿ ಅದಾಳ್ರಿ. ಅಕೀಗೆ ಕೂಲಿ ತಪ್ಪತೈತಿ ಅಂತ ಒಬ್ಬಾಕೀನ ಬಂದೆ."

"ಬಿದ್ದ ಎಲಬ ಮುರದಿದ್ರ ಎಷ್ಟ ಕೂಲಿ ತಪ್ಪತಿತ್ತ?"

ಅವರೇ ಬಸ್ಸು ನಿಲ್ಲಿಸಿ, ಹತ್ತಿಸಿ, ಬ್ಯಾಡಗಿಯಲ್ಲಿ ಕೈಹಿಡಿದು ಇಳಿಸಬೇಕೆಂದು ಕಂಡಕ್ಟರಿಗೆ ತಾಕೀತು ಮಾಡಿದರು. ಸಂಜೆ ನೀಲಾಳಿಗೆ ಎಲ್ಲ ಹೇಳಿದೆ. ಆಗ ಬೈದಳು ನೋಡಿ! ಓಣಿಗೆಲ್ಲ ಕೇಳುವಂತೆ ಬೈದಳು. ಎರಡು ತಿಂಗಳಿನದು ಒಳಗೇ ಇತ್ತು. ಬೈದು ಮುಗಿಸಿ, "ನಾಳೆ ಹಾವೇರಿಗೆ ಹೋಗೂಣು. ಈ ಸಲ ನಾನೂ ಒಳಗ ಬರಾಕಿ" ಎಂದಳು.

ಈ ಸಲ ಎಣ್ಣೆ ತಿಕ್ಕಲಿಲ್ಲ. ದಿನದ ಸೀರೆ. ಡಾಕ್ಟರು ಗುರುತು ಹಿಡಿದರು. "ಮತ್ತ ಯಾಕ ಬಂದ್ರಿ? ನಡೀರಿ ನೋಡೂಣು" ಎಂದರು. ನಾಲ್ಕು ಹೆಜ್ಜೆ ನಡೆದೆ. ಐದನೆಯದನ್ನೂ ಇಡಬಹುದಿತ್ತು. ಹಲ್ಲು ಕಚ್ಚಿದ್ದರೆ ಹತ್ತೂ ಆಗುತ್ತಿತ್ತು. ನಿಂತೆ.

"ನನಗ ಆಗೂದಿಲ್ಲ ಸರ್."

ಆ ಕಾಯಿಲೆಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಇದು. ಹುಬ್ಬಳ್ಳಿಯಲ್ಲಿ ಬೆನ್ನಿಗೆ ಸೂಜಿ ಹಾಕಿದಾಗಲೂ ಇಷ್ಟು ನೋವಾಗಿರಲಿಲ್ಲ.

"ಅವತ್ತ ನಡದ್ರಲ್ಲ?"

"ನಿಮಗ ತೋರಿಸಾಕ ನಡದಿದ್ದೆ ಸರ್. ಹೊರಗ ಹೋಗಿ ಬಿದ್ದೆ. ಆಗೂದಿಲ್ಲ ಅಂತ ಬರದ್ರ ನೌಕರಿ ಹೋಗತೈತಿ ಅಂತ ಅಂಜಿಕಿ ಇತ್ತು."

ಅವರು ಪೆನ್ನು ಕೆಳಗಿಟ್ಟರು. "ಟೀಚರೇ, ಇದು ರೈಲಿನ ಕಾಗದ. ಇದಕ್ಕೂ ನೌಕರಿಗೂ ಸಂಬಂಧ ಇಲ್ಲ. ಪಾಠ ಕಾಲಿಲೆ ಹೇಳತೀರೇನು?" ಎಂದು ಹೊಸ ಫಾರಂ ತೆಗೆದುಕೊಂಡರು. ಆ ಸಾಲನ್ನು ಹಾಗೇ ಬಿಟ್ಟರು. ಮನೆಗೆ ಬಂದ ಮೇಲೆ ಏನು ಬರೆದಿದ್ದಾರೆಂದು ಅವ್ವ ಕೇಳಿದಳು. ಓದಿ ಹೇಳಿದೆ. ಜೊತೆಗೊಬ್ಬರು ಇಲ್ಲದೆ ಹೋಗಲಾರಳು.

"ಅಷ್ಟ ಏನ?" ಎಂದಳು ಅವ್ವ. "ನಾ ಹುಟ್ಟಿದಾಗಿಂದ ಒಬ್ಬಾಕೀನ ಎಲ್ಲಿಗೂ ಹೋಗಿಲ್ಲ. ನನಗ್ಯಾರ ಕಾಗದ ಕೊಟ್ಟಾರ?"

ನೀಲಾ ನಕ್ಕಳು. ನನಗೂ ನಗು ಬಂತು, ಬಹಳ ದಿನಗಳ ಮೇಲೆ.

ವಾರಕ್ಕೆ ಎರಡು ಸಲ ಹೋದೆವು. ಟಿಕೆಟ್ಟಿನ ಭಾರ ಇಳಿಯಿತು. ನೀಲಾಳ ಕೂಲಿ ಮಾತ್ರ ಹೋದದ್ದು ಹೋಯಿತು. ಅದನ್ನು ಕೇಳುವ ಜಾಗ ಯಾವ ಫಾರಮ್ಮಿನಲ್ಲೂ ಇಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಾಲು ಕೆಟ್ಟವರಿಗೆ ಬೇಕಾದದ್ದು ಸೀಟಲ್ಲ, ಇನ್ನೊಬ್ಬರ ದಿನ. ಬಡವರ ಮನೆಯಲ್ಲಿ ಬಹಳ ತುಟ್ಟಿ ಅದೇ. ಮೊದಲೇ ಬಾಯಿಬಿಟ್ಟಿದ್ದರೆ ಕಳೆದ ವಾರಗಳು ಉಳಿಯುತ್ತಿದ್ದವೇನೋ. ಮಾಡಿದ್ದುಣ್ಣೋ ಮಹಾರಾಯ. ಬಲಗಾಲು ಬಹುಪಾಲು ಬಂದಿದೆ. ಎಡಪಾದ ಇನ್ನೂ ನೆಲ ಕೆರೆಯುತ್ತದೆ. ಕೆರೆಯುತ್ತಲೇ ಇರಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ.

ಕಳೆದ ತಿಂಗಳು ಶಾಲೆಗೆ ಮರಳಿದೆ. ಮೋಟೆಬೆನ್ನೂರಿಗೆ ದಿನಾ ಬಸ್ಸೇ ಗತಿ, ನೀಲಾ ದಿನಾ ಬರಲಾರಳು. ಮೊದಲ ದಿನ ಆಕೆ ನನ್ನನ್ನು ಬಸ್ಸಿಗೆ ಹತ್ತಿಸಿ, ಸೀಟಿನಲ್ಲಿ ಕೂರಿಸಿ, ತಿರುತಿರುಗಿ ನೋಡುತ್ತ ಕೆಲಸಕ್ಕೆ ಹೋದಳು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಪರಿಚಯವಿಲ್ಲ. ಬಸ್ಸು ಹೊರಡುವ ಮೊದಲೇ ಬಾಯಿಬಿಟ್ಟೆ.

"ಯವ್ವಾ, ನನ್ನ ಕಾಲ ಸರಿ ಇಲ್ಲ. ಮೋಟೆಬೆನ್ನೂರಾಗ ನನ್ನ ಕೈ ಹಿಡದ ಇಳಸತೀಯೇನ?"

"ಅದಕ್ಕೇನವಾ, ತಾ" ಎಂದು ಆಗಲೇ ನನ್ನ ಕೈ ಹಿಡಿದುಕೊಂಡಳು. ಊರು ಇನ್ನೂ ದೂರವಿತ್ತು. ಆಕೆ ಅಲ್ಲಿಯವರೆಗೂ ಬಿಡಲಿಲ್ಲ.