ಕೆರೆ ತಿರುವಿನಲ್ಲಿ ಇಳಿದ ಲಸಿಕೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಬಾಯಿ ತುಂಬ ಬೈಯುತ್ತಿದ್ದವಳು ನಾನು. ಹಳೇಬೀಡಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಮಕ್ಕಳಿಗೆ ದಡಾರ ಬಂದರೆ ‘ಅಮ್ಮ ಬಂದವ್ಳೆ’ ಎಂದು ಬೇವಿನ ಸೊಪ್ಪು ಕಟ್ಟಿ ಕೂರುವ ಹೆಂಗಸರಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಿದ್ದೆ. ಈಗಲೂ ಅಂಥದ್ದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ನಡೆದ ಈ ಒಂದು ಸಂಗತಿ ಮಾತ್ರ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಮೊದಲು ನನ್ನ ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ಲಸಿಕೆ ಅರಸೀಕೆರೆಗೆ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಐಸ್ ತುಂಬಿದ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿ ನಮ್ಮ ತಾಲ್ಲೂಕು ಕೇಂದ್ರ ಬೇಲೂರಿಗೆ ಕಳಿಸುತ್ತಿದ್ದರು. ಆ ಬಸ್ಸು ಹಳೇಬೀಡಿನ ಮೇಲೆಯೇ ಹೋಗಬೇಕು. ಆದರೂ ನಮ್ಮ ಪಾಲು ಇಲ್ಲಿ ಇಳಿಯುವ ಹಾಗಿಲ್ಲ! ಅದು ನಮ್ಮ ಕಣ್ಣೆದುರೇ ಬೇಲೂರಿಗೆ ಹೋಗಿ, ಅಲ್ಲಿ ಎರಡು ದಿನ ಕೂತು, ಮತ್ತೆ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಅಲ್ಲಿ ಕರೆಂಟು ಕೈಕೊಟ್ಟರೆ ನಮಗೆ ಬರುತ್ತಿದ್ದದ್ದು ಬಿಸಿ ನೀರಿನಂಥ ಲಸಿಕೆ. ಅದನ್ನು ಮಕ್ಕಳ ತೋಳಿಗೆ ಹಾಕಿ ಏನು ಪ್ರಯೋಜನ?

ಮೀಟಿಂಗಿನಲ್ಲಿ ಕೇಳಿದೆ. ಈ ಸಾಗಣೆಯ ಯೋಜನೆ ಹಾಕಿದ ಸಾಹೇಬರು ಗೋಡೆಯ ಮೇಲಿನ ನಕ್ಷೆಯನ್ನು ತೋರಿಸಿ, “ಮೊದಲು ತಾಲ್ಲೂಕು, ಆಮೇಲೆ ನೀವು. ಪದ್ಧತಿ ಅಂದ್ರೆ ಪದ್ಧತಿ ಕಣಮ್ಮ. ನೀನು ಸೂಜಿ ಹಾಕೋದು ನೋಡ್ಕೋ,” ಎಂದರು. ಆ ನಕ್ಷೆಯಲ್ಲೂ ಹಳೇಬೀಡು ದಾರಿಯ ಮೇಲೇ ಇತ್ತು. ಕಣ್ಣಿದ್ದವರಿಗೆ ಕಾಣುತ್ತಿತ್ತು.

ಆ ತಿಂಗಳು ಮಾದಿಹಳ್ಳಿ ಕಡೆಯ ಒಂದು ಕೇರಿಯಲ್ಲಿ ದಡಾರ ಎದ್ದಿತು. ಪುಟ್ಟತಾಯಮ್ಮ ಎಂಬವಳ ನಾಲ್ಕು ವರ್ಷದ ಗಂಡುಮಗು ಹೋಯಿತು. ಬೇಲೂರು ಬಸ್ಸು ಹಾಯುವ ಕೆರೆಯ ತಿರುವಿನ ಹತ್ತಿರವೇ ಮಣ್ಣು ಮಾಡಿದರು. ಅವಳಿಗೆ ಉಳಿದದ್ದು ಆಗತಾನೆ ಒಂಬತ್ತು ತಿಂಗಳು ತುಂಬಿದ್ದ ಹೆಣ್ಣುಕೂಸು. ಅದಕ್ಕೆ ರೋಗ ತಾಗುವುದರೊಳಗೆ ಲಸಿಕೆ ಬೀಳಬೇಕಿತ್ತು. ಪೆಟ್ಟಿಗೆ ಬೇಲೂರು ಸುತ್ತಿ ಬರುವ ತನಕ ಕಾಯುವುದು ನನಗಂತೂ ಸಾಧ್ಯವಿರಲಿಲ್ಲ.

ಬಸ್ಸು ಬರುವ ದಿನ ಮಧ್ಯಾಹ್ನ ಅವಳು ಕೂಸನ್ನು ಎತ್ತಿಕೊಂಡು ಕೇಂದ್ರಕ್ಕೆ ಬಂದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಇವತ್ತು ಪೆಟ್ಟಿಗೆ ಕೆರೆ ತಿರುವಲ್ಲಿ ಇಳೀತೈತೆ. ಬನ್ನಿ ನರ್ಸಮ್ಮಾರೇ.”

“ಯಾರು ಹೇಳಿದ್ರು ನಿಂಗೆ?”

“ನನ್ ಮಗ ಹೇಳ್ದ.”

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡೆ. ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ, ಜೊತೆಗೆ ಹೊರಟೆ. ಹೊರಡುವಾಗ ಥರ್ಮಾಸ್ ಫ್ಲಾಸ್ಕನ್ನೂ ಎತ್ತಿಕೊಂಡಿದ್ದೆ. ಯಾಕೆ ಎಂದು ಮಾತ್ರ ಕೇಳಬೇಡಿ.

ಬಸ್ಸು ಬಂತು. ತಿರುವಿನಲ್ಲಿ, ಸರಿಯಾಗಿ ನಮ್ಮೆದುರು, ಎಂಜಿನ್ ಸತ್ತಿತು. ಡ್ರೈವರ್ ಬಾನೆಟ್ ಎತ್ತಿ ನೋಡಿದ, ಡೀಸೆಲ್ ನೋಡಿದ, ಜನರನ್ನು ಇಳಿಸಿ ತಳ್ಳಿಸಿದ. ಜಪ್ಪಯ್ಯ ಅಂದರೂ ಕದಲಲಿಲ್ಲ. “ಏನೂ ಕೆಟ್ಟಿಲ್ಲ ಕಣ್ರೀ, ಎಲ್ಲಾ ಸರಿಯಾಗೇ ಐತೆ,” ಎಂದು ತಲೆ ಕೆರೆದುಕೊಂಡ.

ಪುಟ್ಟತಾಯಮ್ಮ ಕಂಡಕ್ಟರನ ಹತ್ತಿರ ಹೋಗಿ, “ಪೆಟ್ಟಿಗೆ ಇಳ್ಸಪ್ಪ, ಬಸ್ಸು ಹೊಂಟೋಯ್ತದೆ,” ಎಂದಳು.

“ಅದ್ರ ಮೇಲೆ ಬೇಲೂರು ಅಂತ ಬರ್ದೈತೆ ಕಣಮ್ಮ. ಇಲ್ಲಿಳ್ಸಿದ್ರೆ ನನ್ ಕೆಲ್ಸ ಹೋಯ್ತದೆ.”

ಬಿಸಿಲಲ್ಲಿ ನಿಂತು ಬಸ್ಸು ತಳ್ಳಿದವರಿಗೆ ರೇಗಿತ್ತು. “ಇಳ್ಸಯ್ಯ ಅತ್ಲಾಗೆ! ಅದೇನು ನಿಮ್ಮಪ್ಪನ ಆಸ್ತಿಯಾ?” ಎಂದು ಮುತ್ತಿಕೊಂಡರು. ಪೆಟ್ಟಿಗೆ ಇಳಿಯಿತು. ನಾನು ನಮ್ಮ ಪಾಲಿನ ಸೀಸೆಗಳನ್ನೂ ಒಂದಿಷ್ಟು ಐಸನ್ನೂ ಫ್ಲಾಸ್ಕಿಗೆ ಹಾಕಿಕೊಂಡು ಪೆಟ್ಟಿಗೆಯನ್ನು ವಾಪಸ್ ಕೊಟ್ಟೆ. ಡ್ರೈವರ್ ಕೂತು ಸ್ಟಾರ್ಟ್ ಮಾಡಿದ. ಮೊದಲ ಸಲಕ್ಕೇ ಬಸ್ಸು ಹೊರಟಿತು.

ಹೊತ್ತು ಮುಳುಗುವುದರೊಳಗೆ ಆ ಕೇರಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿದೆ. ಮೊದಲ ಸೂಜಿ ಪುಟ್ಟತಾಯಮ್ಮನ ಕೂಸಿಗೆ. ಅದು ಉಳಿಯಿತು.

ನನಗೆ ಸಿಕ್ಕಿದ್ದು ಮೆಮೊ. ದಾರಿಯಲ್ಲಿ ಪೆಟ್ಟಿಗೆ ತೆರೆದದ್ದಕ್ಕೆ ವಿವರಣೆ ಕೊಡಬೇಕಂತೆ! ಮಗು ಸತ್ತದ್ದಕ್ಕೆ ಯಾರೂ ಯಾರಿಂದಲೂ ವಿವರಣೆ ಕೇಳಲಿಲ್ಲ. ‘ಬಸ್ಸು ಕೆಟ್ಟಿತ್ತು’ ಎಂದು ಬರೆದು ಕಳಿಸಿದೆ. ಕೆಟ್ಟಿರಲಿಲ್ಲ ಎಂದು ನನಗೂ ಗೊತ್ತು, ಡ್ರೈವರನಿಗೂ ಗೊತ್ತು. ಮತ್ತೇನಾಗಿತ್ತು? ಇಷ್ಟು ವರ್ಷ ಯೋಚಿಸಿದರೂ ನನಗೆ ಹೊಳೆದಿಲ್ಲ.

ಇಷ್ಟಾದ ಮೇಲೂ ಸಾಹೇಬರು ಪದ್ಧತಿ ಬದಲಿಸಲಿಲ್ಲ. ಮುಂದಿನ ತಿಂಗಳು ಬಸ್ಸು ಬರುವ ಹೊತ್ತಿಗೆ ನಾನು ನಾಚಿಕೆ ಬಿಟ್ಟು ಫ್ಲಾಸ್ಕ್ ಹಿಡಿದು ಅದೇ ತಿರುವಿನಲ್ಲಿ ನಿಂತೆ. ಪುಟ್ಟತಾಯಮ್ಮ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹುಲ್ಲು ಕೊಯ್ಯಲು ಬಂದಿದ್ದಳು. ಬಸ್ಸು ನಮ್ಮ ಮೇಲೆ ಧೂಳು ಎರಚಿ ನೇರ ಬೇಲೂರಿಗೆ ಹೋಯಿತು.

“ಇನ್ಯಾಕೆ ನಿಲ್ಲಿಸ್ತಾನೆ ನರ್ಸಮ್ಮಾರೇ,” ಎಂದಳು ಅವಳು. “ತಂಗಿಗೆ ಹಾಕ್ಸಾಯ್ತಲ್ಲ.”

ಖಾಲಿ ಫ್ಲಾಸ್ಕ್ ಹಿಡಿದು ಕೇಂದ್ರಕ್ಕೆ ವಾಪಸ್ ಬಂದೆ. ಉಳಿದ ಮಕ್ಕಳಿಗಾಗಿ ಬಸ್ಸು ನಿಲ್ಲಿಸಬೇಕಾದವರು ಬದುಕಿದ್ದರು, ಸಂಬಳವನ್ನೂ ತೆಗೆದುಕೊಳ್ಳುತ್ತಿದ್ದರು.